ಪೆರ್ಲದ ಪುಟಾಣಿಗಳಿಗೆ ನಾನು ಇಂಗ್ಲಿಷ್ ಪಾಠ ಕಟ್ಟಿದ್ದು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಬಾಲವಾಡಿಗೆ ಬರುವ ಮಕ್ಕಳಿಗೆ ಆಗಷ್ಟೇ ನಾಲ್ಕು ವರ್ಷ ತುಂಬಿರುತ್ತದೆ. ಒಬ್ಬನ ಮನೆಯಲ್ಲಿ ಕನ್ನಡ, ಇನ್ನೊಬ್ಬಳ ಮನೆಯಲ್ಲಿ ತುಳು, ಮತ್ತೊಬ್ಬನದ್ದು ಮಲಯಾಳ. ಬಾಯಾರಿದರೆ ಒಬ್ಬ ನೀರು ಕೇಳುತ್ತಾನೆ, ಇನ್ನೊಬ್ಬ ವೆಳ್ಳಂ ಕೇಳುತ್ತಾನೆ.

ಮೊದಲ ವರ್ಷ ಎಬಿಸಿಡಿಯಿಂದಲೇ ಶುರು ಮಾಡಿದೆ. ಜುಲೈ ಮುಗಿಯುವಾಗ ಎಲ್ಲರೂ ರಾಗವಾಗಿ ಹಾಡುತ್ತಿದ್ದರು. ಮನೆಯವರಿಗೂ ಖುಷಿ. ಆದರೆ ಹಾಡು ನಿಲ್ಲಿಸಿ "ಆ್ಯಪಲ್ ಎಲ್ಲಿದೆ, ತೋರಿಸಿ" ಅಂದರೆ ಮಕ್ಕಳು ಚಾರ್ಟ್ ನೋಡದೆ ನನ್ನ ಮುಖ ನೋಡುತ್ತಿದ್ದರು.

ಎರಡನೇ ವರ್ಷ ಅಕ್ಷರಗಳನ್ನು ಪಕ್ಕಕ್ಕಿಟ್ಟೆ. ಒಂದು ವಾರ ಸುಮ್ನೆ ಕೂತು ಮಕ್ಕಳ ಮಾತು ಕೇಳಿದೆ. ಅವರ ಬಾಯಲ್ಲಿ ಆಗಲೇ ಇದ್ದ ಇಂಗ್ಲಿಷ್ ಪದಗಳನ್ನು ಬರೆದುಕೊಂಡೆ. ಬಸ್ಸು, ಬ್ಯಾಗು, ಲೈಟು, ಫ್ಯಾನು, ಚೇರು, ಪೆನ್ಸಿಲು. ಮನೆಮಾತು ಯಾವುದೇ ಇರಲಿ, ಇವು ಎಲ್ಲರಿಗೂ ಗೊತ್ತಿತ್ತು. ಇವುಗಳ ಮೇಲೆಯೇ ಪಾಠ ಕಟ್ಟಿದೆ. ಟಚ್ ದ ಬ್ಯಾಗ್, ಸಿಟ್ ಆನ್ ದ ಚೇರ್, ಹೀಗೆ ದಿನಕ್ಕೆ 20 ನಿಮಿಷ. ನಾನು ಹೇಳುತ್ತಾ ಮಾಡುತ್ತೇನೆ, ಮಕ್ಕಳೂ ಮಾಡುತ್ತಾರೆ. ಬಾಯಿ ಬಿಡಲೇಬೇಕು ಅಂತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮನೆಮಾತು ಬರುವುದೂ ಹೀಗೇ ಅಲ್ವಾ? "ಬಾ", "ಕೂತ್ಕೋ" ಅಂದರೆ ಮಗುವಿಗೆ ತಿಳಿಯುತ್ತದೆ, ಮಾತು ಆಮೇಲೆ ಬರುತ್ತದೆ.

ಪದ ಆರಿಸುವುದರಲ್ಲಿ ಮಾತ್ರ ಎಡವಿದೆ. ಒಂದು ದಿನ "ಬ್ರಿಂಗ್ ದ ಕಪ್" ಅಂದೆ. ಕನ್ನಡ ಮನೆಮಾತಿನ ಹುಡುಗ ಓಡಿಹೋಗಿ ಕಪ್ಪು ಕ್ರೇಯಾನ್ ತಂದ. ಅವನ ತಪ್ಪೇನೂ ಇಲ್ಲ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ ಅನ್ನುವುದು ಬಸ್ಸು ಆದ ಹಾಗೆ, ಕಪ್ ಅವನ ಕಿವಿಗೆ ಕಪ್ಪು ಆಗಿತ್ತು. ಇನ್ನೊಮ್ಮೆ ಫೋಟೋ ತೋರಿಸಿ "ಹೂ ಈಸ್ ದಿಸ್?" ಅಂದರೆ ಒಬ್ಬಳು ಅದರಲ್ಲಿ ಹೂವು ಹುಡುಕಿದಳು. ಪಕ್ಕದ ತುಳು ಹುಡುಗನಿಗೆ ಈ ಗೊಂದಲ ಆಗಲಿಲ್ಲ. ಅವನಿಗೆ ಹೂವು ಅಂದರೆ ಪೂ. ಅಂದಿನಿಂದ ಪ್ರತಿ ಹೊಸ ಪದವನ್ನೂ ಮೂರು ಭಾಷೆಯ ಕಿವಿಯಲ್ಲಿ ಕೇಳಿ ನೋಡುತ್ತೇನೆ. ಕಪ್, ಬಾಲ್, ಮೈ, ಹೂ ಇವೆಲ್ಲ ಈಗ ಡಿಸೆಂಬರ್ ಕಳೆದ ಮೇಲೆಯೇ.

ಅದೇ ವರ್ಷ ತುಳು ಮನೆಯ ಒಬ್ಬಳು ಹುಡುಗಿ ಜೂನ್‌ನಿಂದ ಒಂದೇ ಒಂದು ಇಂಗ್ಲಿಷ್ ಪದ ಆಡಿರಲಿಲ್ಲ. ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು, ಅಷ್ಟೆ. ಅವಳ ಅಮ್ಮನಿಗೆ ಚಿಂತೆ ಜಾಸ್ತಿಯಾಗಿತ್ತು. "ಕೇಳಿಸಿಕೊಳ್ತಾ ಇದ್ದಾಳೆ, ಒತ್ತಾಯ ಮಾಡ್ಬೇಡಿ" ಅಂದೆ. ಓಣಂ ರಜೆಗೆ ಮುಂಚೆ ಅಂಗಳದಲ್ಲಿ ಪೂಕಳಂ, ಅಂದರೆ ಹೂವಿನ ರಂಗೋಲಿ ಹಾಕುತ್ತಿದ್ದೆವು. ಗೊಂಡೆ ಹೂವಿನ ಬುಟ್ಟಿ ನನ್ನ ಹತ್ತಿರ ಇತ್ತು. ಅವಳು ಕೈ ಚಾಚಿ "ಟೀಚರ್, ಗಿವ್ ಮಿ ಯೆಲ್ಲೊ" ಅಂದಳು. ನನಗೆ ಕಣ್ಣು ತುಂಬಿ ಬಂತು. ಬಣ್ಣಗಳ ಪಾಠವನ್ನು ನಾನು ಇನ್ನೂ ಶುರುವೇ ಮಾಡಿರಲಿಲ್ಲ. ಚಿತ್ರ ಬಿಡಿಸುವ ಹೊತ್ತಿಗೆ ಕ್ರೇಯಾನ್ ಕೇಳುತ್ತಾ ನಾನು ಆಡುತ್ತಿದ್ದ ಮಾತು ಅದು.

ಈಗ ಬಣ್ಣಗಳ ಪಾಠ ಓಣಂ ವಾರಕ್ಕೇ ಬಂದಿದೆ. ಹಳದಿಗೆ ಗೊಂಡೆ, ಕೆಂಪಿಗೆ ಕೇಪಳ, ಬಿಳಿಗೆ ತುಂಬೆ.