ಪೈಟಾರ್ಚ್ ಮಾಡೆಲ್ ಓಎನ್‌ಎನ್‌ಎಕ್ಸ್‌ಗೆ ಬದಲಿಸುವಾಗ ಟೆನ್ಸರ್ ಇಂಡೆಕ್ಸಿಂಗ್

ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ತೋಟಗಳಲ್ಲಿ ನೆಟ್‌ವರ್ಕ್ ನೆಚ್ಚಿಕೊಂಡು ಕೂರುವಂತಿಲ್ಲ. ಎಲೆ ತುಕ್ಕು ಗುರುತಿಸುವ ಮಾಡೆಲ್ ಫೋನಿನೊಳಗೇ ಓಡಬೇಕು. ಅದಕ್ಕೆ ಪೈಟಾರ್ಚ್‌ನಿಂದ (ಮಾಡೆಲ್ ಕಟ್ಟುವ ತಂತ್ರಾಂಶ) ಓಎನ್‌ಎನ್‌ಎಕ್ಸ್‌ಗೆ (ಬೇರೆ ಬೇರೆ ಸಾಧನಗಳಲ್ಲಿ ಓಡಿಸಬಹುದಾದ ಮಾಡೆಲ್ ರೂಪ) ಬದಲಿಸುವುದು ಒಂದು ದಾರಿ. ಕನ್ವರ್ಟರ್ ನೀವೇ ಬರೆಯುವುದಾದರೆ ಕನ್ವಲ್ಯೂಶನ್ (ಚಿತ್ರದ ಮೇಲೆ ಸಣ್ಣ ಫಿಲ್ಟರ್ ಓಡಿಸುವ ಲೆಕ್ಕ) ಸಲೀಸು, ತೊಡಕೆಲ್ಲ ಇಂಡೆಕ್ಸಿಂಗ್‌ನಲ್ಲಿ, ಅಂದರೆ ಟೆನ್ಸರ್‌ನಿಂದ (ಹಲವು ಆಯಾಮಗಳ ಅಂಕಿ ಕೋಷ್ಟಕ) ಬೇಕಾದ ಬೆಲೆ ಆಯುವಲ್ಲಿ.

ಇಂಡೆಕ್ಸ್ ಆಪರೇಟರ್‌ಗೆ ಬರುವುದು ಒಂದು ಟೆನ್ಸರ್, ಜೊತೆಗೆ ಇಂಡೆಕ್ಸ್‌ಗಳ ಪಟ್ಟಿ. ':' ಅಂದರೆ ಆ ಅಕ್ಷ (ಆಯಾಮ) ಪೂರ್ತಿ ಬೇಕು ಎಂದು; ಅದು ಇದ್ದ ಜಾಗ ಪಟ್ಟಿಯಲ್ಲಿ ಖಾಲಿ ಇರುತ್ತದೆ.

ಮೊದಲು ಬೂಲಿಯನ್ ಮಾಸ್ಕ್ (ನಿಜ/ಸುಳ್ಳು ಬೆಲೆಗಳ ಟೆನ್ಸರ್) ಇದೆಯೇ ನೋಡಿ. ಇದ್ದರೆ ನಾನ್‌ಝೀರೋ (ನಿಜವಿರುವ ಜಾಗಗಳನ್ನು ಕೊಡುವ ಆಪರೇಟರ್) ಹಾಕಿ ಪೂರ್ಣಾಂಕ ಇಂಡೆಕ್ಸ್ ಮಾಡಿಕೊಳ್ಳಿ. ಎರಡು ಆಯಾಮದ ಮಾಸ್ಕ್ ಎರಡು ಅಕ್ಷ ನುಂಗುತ್ತದೆ, ಹಾಗಾಗಿ ಪಟ್ಟಿಯಲ್ಲಿ ಅದರ ಜಾಗಕ್ಕೆ ಎರಡು ಇಂಡೆಕ್ಸ್ ಬರಬೇಕು. ಇದನ್ನು ಮರೆತರೆ ಮುಂದಿನ ಅಕ್ಷಗಳೆಲ್ಲ ಒಂದೊಂದು ಸ್ಥಾನ ಜರುಗುತ್ತವೆ.

ಇಂಡೆಕ್ಸ್ ಒಂದೇ ಇದ್ದರೆ ಅಕ್ಷದ ಸಂಖ್ಯೆ ಕೊಟ್ಟು ಗ್ಯಾದರ್ (ಒಂದು ಅಕ್ಷದಲ್ಲಿ ಆಯುವ ಆಪರೇಟರ್) ಬಳಸಿ, ಮುಗಿಯಿತು.

ಒಂದಕ್ಕಿಂತ ಹೆಚ್ಚಿದ್ದರೆ ಗ್ಯಾದರ್‌ಎನ್‌ಡಿ (ಹಲವು ಅಕ್ಷಗಳಲ್ಲಿ ಒಟ್ಟಿಗೆ ಆಯುವ ಆಪರೇಟರ್) ಬೇಕು. ಅದು ಆಪ್‌ಸೆಟ್ (ಓಎನ್‌ಎನ್‌ಎಕ್ಸ್ ಆಪರೇಟರ್‌ಗಳ ಆವೃತ್ತಿ) 11ರಿಂದ ಇದೆ. ಎರಡು ಗ್ಯಾದರ್ ಒಂದರ ಹಿಂದೊಂದು ಹಾಕಬೇಡಿ: ಜೋಡಿ ಜೋಡಿಯಾಗಿ ಆಯುವ ಬದಲು ಎಲ್ಲ ಸೇರಿಕೆಗಳೂ ಬಂದುಬಿಡುತ್ತವೆ. ಇಂಡೆಕ್ಸ್ ಇರುವ ಅಕ್ಷಗಳನ್ನು ಟ್ರಾನ್ಸ್‌ಪೋಸ್ ಮಾಡಿ (ಅಕ್ಷಗಳ ಕ್ರಮ ಬದಲಿಸಿ) ಮುಂದಕ್ಕೆ ತನ್ನಿ. ಇಂಡೆಕ್ಸ್‌ಗಳನ್ನು ಎಕ್ಸ್‌ಪ್ಯಾಂಡ್ ಮಾಡಿ ಒಂದೇ ಆಕಾರಕ್ಕೆ ತಂದು, ಪ್ರತಿಯೊಂದಕ್ಕೂ ಕೊನೆಯಲ್ಲಿ ಒಂದು ಆಯಾಮ ಸೇರಿಸಿ, ಆ ಆಯಾಮದ ಉದ್ದಕ್ಕೇ ಕಾನ್‌ಕ್ಯಾಟ್ ಮಾಡಿ (ಜೋಡಿಸಿ). ಗ್ಯಾದರ್‌ಎನ್‌ಡಿ ಒಪ್ಪುವುದು ಇಂಟ್64 (64 ಬಿಟ್ ಪೂರ್ಣಾಂಕ) ಇಂಡೆಕ್ಸ್ ಮಾತ್ರ. ಇಂಟ್32 ಇದ್ದರೆ ಕಾಸ್ಟ್ (ಅಂಕಿಯ ಬಗೆ ಬದಲಿಸುವ ಆಪರೇಟರ್) ಹಾಕಿ.

ಹೆಚ್ಚಿನವರು ಎಡವುವುದು ಇದರ ನಂತರ. ಎಕ್ಸ್ ಎಂಬ ಟೆನ್ಸರ್‌ನ ಆಕಾರ (2, 3, 4, 5), ಐ ಮತ್ತು ಜೆ ಎಂಬ ಇಂಡೆಕ್ಸ್ ಎರಡರ ಉದ್ದ 7 ಎನ್ನಿ. ಎಕ್ಸ್[:, ಐ, ಜೆ] ಕೊಡುವುದು (2, 7, 5): ಇಂಡೆಕ್ಸ್‌ಗಳು ಅಕ್ಕಪಕ್ಕ ಇರುವುದರಿಂದ ಹೊಸ ಆಯಾಮ ಅವುಗಳ ಜಾಗದಲ್ಲೇ ಕೂರುತ್ತದೆ. ಎಕ್ಸ್[ಐ, :, ಜೆ] ಕೊಡುವುದು (7, 3, 5): ನಡುವೆ ':' ಬಂದದ್ದರಿಂದ ಹೊಸ ಆಯಾಮ ಮುಂದಕ್ಕೆ ಹೋಗುತ್ತದೆ. ಗ್ಯಾದರ್‌ಎನ್‌ಡಿ ಯಾವಾಗಲೂ ಮುಂದಕ್ಕೇ ಇಡುತ್ತದೆ. ಆದ್ದರಿಂದ ಅಕ್ಕಪಕ್ಕ ಇದ್ದಾಗ ಮಾತ್ರ ಮತ್ತೊಂದು ಟ್ರಾನ್ಸ್‌ಪೋಸ್ ಹಾಕಿ ಮೊದಲ ಇಂಡೆಕ್ಸ್‌ನ ಸ್ಥಾನಕ್ಕೆ ಮರಳಿಸಿ.

ಪರೀಕ್ಷೆಗೆ ಸೊನ್ನೆ ತುಂಬಿದ ಟೆನ್ಸರ್ ಬೇಡವೇ ಬೇಡ. ಅರೇಂಜ್‌ನಿಂದ (0, 1, 2 ಎಂದು ಕ್ರಮವಾಗಿ ಅಂಕಿ ಕೊಡುವ ಫಂಕ್ಷನ್) ಪ್ರತಿ ಕೋಶಕ್ಕೂ ಬೇರೆ ಬೆಲೆ ಕೊಡಿ, ಎಲ್ಲ ಅಳತೆಗಳೂ ಬೇರೆ ಬೇರೆ ಇರಲಿ. (4, 4, 4) ಇದ್ದರೆ ಅದಲುಬದಲಾದ ಅಕ್ಷ ಆಕಾರದಲ್ಲಿ ಕಾಣುವುದೇ ಇಲ್ಲ. ಇಲ್ಲಿ ಲೆಕ್ಕ ನಡೆಯುವುದಿಲ್ಲ, ನಕಲು ಮಾತ್ರ. ಹಾಗಾಗಿ ಉತ್ತರ ಅಂಕಿಗೆ ಅಂಕಿ ಸರಿಹೊಂದಬೇಕು, ಸುಮಾರಾಗಿ ಹೊಂದಿದರೆ ಸಾಲದು. −1 ಇಂಡೆಕ್ಸನ್ನೂ (ಅಕ್ಷದ ಕೊನೆಯ ಸ್ಥಾನ) ಒಂದೂ ನಿಜವಿಲ್ಲದ ಮಾಸ್ಕನ್ನೂ ಬಿಡಬೇಡಿ: ರೋಗವಿಲ್ಲದ ಎಲೆಯ ಫೋಟೋ ಬಂದಾಗ ಆಯ್ದ ಬಾಕ್ಸ್‌ಗಳು (ರೋಗದ ಜಾಗ ತೋರುವ ಚೌಕಟ್ಟು, ಒಂದೊಂದಕ್ಕೆ ನಾಲ್ಕು ಅಂಕಿ) ಸೊನ್ನೆ, ಮುಂದಿನ ಆಪರೇಟರ್‌ಗೆ ಹೋಗುವುದು (0, 4) ಆಕಾರದ ಟೆನ್ಸರ್.