ಮುದಿ ಶ್ವಾಸಕೋಶದ ಕಣಗಳು ತಾವಾಗೇ ಹೊಳೆದಾಗ

ಈ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಇಲಿಗಳು ಮುದಿಯಾಗಲು ಕಾಯುವುದಕ್ಕೆ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗೆ ಸೇರಿದಾಗ ನನಗೆ ಅದು ಗೊತ್ತಿರಲಿಲ್ಲ. ವಯಸ್ಸಾದಂತೆ ಶ್ವಾಸಕೋಶದ ರಕ್ಷಣಾ ಕಣಗಳು (ಜೀವಕೋಶಗಳು) ಹೇಗೆ ಬದಲಾಗುತ್ತವೆ ಎನ್ನುವುದು ನನ್ನ ವಿಷಯ. ನಮ್ಮಲ್ಲಿದ್ದದ್ದು ಸಿ57 ಬ್ಲ್ಯಾಕ್ 6 ತಳಿಯ ಕಪ್ಪು ಇಲಿಗಳು. 3 ತಿಂಗಳಿನದು ಹರೆಯದ ಇಲಿ. ಮುದಿ ಇಲಿ ಬೇಕೆಂದರೆ ನಾವು 20 ತಿಂಗಳು ಕಾಯುತ್ತಿದ್ದೆವು. ಅಷ್ಟರಲ್ಲಿ ಕೆಲವಕ್ಕೆ ಚರ್ಮದ ಹುಣ್ಣು, ಕೆಲವಕ್ಕೆ ಗಡ್ಡೆ. ಉಳಿದ ಒಂದೊಂದೂ ಅಮೂಲ್ಯ.

ನನಗೆ ಬೇಕಾಗಿದ್ದದ್ದು ಗಾಳಿಚೀಲಗಳ ಒಳಗೆ ಇರುವ ಮ್ಯಾಕ್ರೋಫೇಜ್‌ಗಳು. ಉಸಿರಿನ ಜೊತೆ ಒಳಬಂದ ಧೂಳು, ಬ್ಯಾಕ್ಟೀರಿಯಾ, ಅಲ್ಲೇ ಸತ್ತ ಕಣಗಳು, ಎಲ್ಲವನ್ನೂ ನುಂಗಿ ಚೊಕ್ಕಟ ಮಾಡುವುದು ಇವೇ. ಇವನ್ನು ಹೊರತೆಗೆಯಲು ಶ್ವಾಸಕೋಶವನ್ನು ತೊಳೆಯಬೇಕು. ಜೀವ ಹೋದ ಇಲಿಯ ಶ್ವಾಸನಾಳಕ್ಕೆ ಕ್ಯಾನುಲಾ ಎಂಬ ತೆಳು ಕೊಳವೆ ಹಾಕಿ ದಾರದಿಂದ ಕಟ್ಟುತ್ತೇನೆ. ಸಿರಿಂಜಿನಿಂದ ಪಿಬಿಎಸ್ ಎಂಬ ತಣ್ಣಗಿನ ಉಪ್ಪಿನ ದ್ರಾವಣವನ್ನು ಸಲಕ್ಕೆ 0.8 ಮಿ.ಲೀ.ನಂತೆ ಒಳಗೆ ಬಿಟ್ಟು ನಿಧಾನವಾಗಿ ಎಳೆಯುತ್ತೇನೆ. ಹೀಗೆ ಹತ್ತು ಸಲ. ಅದಕ್ಕೆ ಇಡಿಟಿಎ ಎಂಬ ರಾಸಾಯನಿಕ ಸ್ವಲ್ಪ ಬೆರೆಸಿದರೆ ಅಂಟಿಕೊಂಡ ಕಣಗಳು ಬಿಡುತ್ತವೆ. ಮೊದಲ ಸಲ ಬಂದದ್ದನ್ನು ಬೇರೆ ಟ್ಯೂಬಿನಲ್ಲಿ ಇಡಿ. ಐಎಲ್-6ನಂಥ ಉರಿಯೂತದ ಪ್ರೋಟೀನ್ ಅಳೆಯಲು ಅದೇ ಬೇಕು, ಮುಂದಿನವುಗಳಲ್ಲಿ ತೀರಾ ತೆಳುವಾಗಿರುತ್ತದೆ. ಮುದಿ ಶ್ವಾಸಕೋಶ ಸಡಿಲವಾಗಿರುತ್ತದೆ, ಸಿರಿಂಜ್ ಒತ್ತುವ ಬೆರಳಿಗೇ ಅದು ಗೊತ್ತಾಗುತ್ತದೆ. ಅವಸರ ಮಾಡಿದರೆ ಗಾಳಿಚೀಲ ಹರಿದು ರಕ್ತ ಬೆರೆಯುತ್ತದೆ.

ಮುದಿ ಇಲಿಗಳಲ್ಲಿ ಮ್ಯಾಕ್ರೋಫೇಜ್‌ಗಳು ಕಡಿಮೆ ಸಿಕ್ಕವು. ಅದು ನಿರೀಕ್ಷಿಸಿದ್ದೇ. ಆಮೇಲೆ ಅವು ಎಷ್ಟು ನುಂಗುತ್ತವೆ ಎಂದು ನೋಡಲು ಹಸಿರು ಹೊಳಪಿನ ಪುಟ್ಟ ಮಣಿಗಳನ್ನು ಕೊಟ್ಟು ಒಂದೊಂದೇ ಕಣದ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಓಡಿಸಿದೆ. ಮುದಿ ಕಣಗಳೇ ಜಾಸ್ತಿ ಹಸಿರಾಗಿ ಕಂಡವು! ಅಂದರೆ ಅವೇ ಜಾಸ್ತಿ ನುಂಗಿವೆ, ಅಲ್ವಾ? ಎರಡು ವಾರ ಹಾಗೇ ನಂಬಿ ಗ್ರಾಫ್ ಬರೆದೆ.

ಲ್ಯಾಬಿನ ಅಕ್ಕ ಒಬ್ಬರು ಕೇಳಿದರು: "ಮಣಿ ಹಾಕದ ಮುದಿ ಕಣಗಳನ್ನು ಓಡಿಸಿದ್ದೀಯಾ?" ಓಡಿಸಿರಲಿಲ್ಲ. ಮುದಿ ಇಲಿಯ ಕಣಗಳನ್ನು ಉಳಿಸಲು ಹೋಗಿ, ಹರೆಯದ ಇಲಿಯ ಕಣಗಳನ್ನಷ್ಟೇ ಕಂಟ್ರೋಲ್ ಆಗಿ, ಅಂದರೆ ಮಣಿ ಹಾಕದೆ ಹೋಲಿಕೆಗೆಂದು, ಇಟ್ಟಿದ್ದೆ. ಮರುದಿನ ಓಡಿಸಿದರೆ, ಏನೂ ಹಾಕದ ಮುದಿ ಕಣಗಳು ತಾವಾಗೇ ಹೊಳೆಯುತ್ತಿದ್ದವು. ಗಾಳಿಚೀಲದ ಮ್ಯಾಕ್ರೋಫೇಜ್‌ಗಳಿಗೆ ಸ್ವಂತ ಹೊಳಪು ಇದ್ದೇ ಇದೆ. ವಯಸ್ಸಾದ ಕಣಗಳ ಒಳಗೆ ಜೀರ್ಣವಾಗದೆ ಉಳಿದ ಲಿಪೋಫ್ಯೂಸಿನ್ ಎಂಬ ಕಸವೂ ಹೊಳೆಯುತ್ತದೆ. ನಾನು ಅಳೆದದ್ದು ಹೊಸದಾಗಿ ನುಂಗಿದ್ದನ್ನಲ್ಲ, ತಿಂಗಳುಗಟ್ಟಲೆ ಕೂಡಿದ್ದನ್ನು.

ಮತ್ತೆ ಶುರು ಮಾಡಿದೆ. ಹಸಿರು ಬಿಟ್ಟು ಕಡುಗೆಂಪು ಹೊಳಪಿನ ಮಣಿ ತಂದೆ, ಅಲ್ಲಿ ಸ್ವಂತ ಹೊಳಪಿನ ಕಾಟ ಕಡಿಮೆ. ಪ್ರತಿ ವಯಸ್ಸಿಗೂ ಬೇರೆ ಕಂಟ್ರೋಲ್ ಇಟ್ಟೆ. ಒಂದು ಟ್ಯೂಬನ್ನು ಮಂಜುಗಡ್ಡೆಯ ಮೇಲೆ ಇಟ್ಟೆ. ಚಳಿಯಲ್ಲಿ ಕಣ ನುಂಗುವುದಿಲ್ಲ, ಮಣಿ ಮೈಗೆ ಅಂಟುತ್ತದೆ ಅಷ್ಟೆ. ಅದನ್ನು ಕಳೆದರೆ ನಿಜವಾಗಿ ನುಂಗಿದ್ದು ಸಿಗುತ್ತದೆ. ಈ ಸಲ ಚಿತ್ರ ತಿರುಗಿತು. ಮುದಿ ಕಣಗಳು ನುಂಗಿದ್ದು ಕಡಿಮೆ.

ಇದು ಯಾಕೆ ಮುಖ್ಯ ಎಂದರೆ, ಸೋಂಕು ಬಂದಾಗ ಮೊದಲು ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆಲಸ ಮುಗಿಸಿ ಅಲ್ಲೇ ಸಾಯುತ್ತವೆ. ಮ್ಯಾಕ್ರೋಫೇಜ್ ಬೇಗ ನುಂಗದಿದ್ದರೆ ಅವು ಒಡೆದು, ಒಳಗಿನ ಕಿಣ್ವಗಳು ಅಂಗಾಂಶವನ್ನೇ ಸುಡುತ್ತವೆ. ಉರಿಯೂತ ಆರುವುದೇ ಇಲ್ಲ. ಹಿರಿಯರನ್ನು ನ್ಯುಮೋನಿಯಾ ಅಷ್ಟು ಹಣ್ಣು ಮಾಡುವುದರಲ್ಲಿ ಇದಕ್ಕೂ ಪಾಲಿದೆ.

ತಪ್ಪು ಕಣದ್ದೋ, ಅದು ಕೂತ ಜಾಗದ್ದೋ? ಅಮೆರಿಕದ ಒಂದು ತಂಡ 2021ರಲ್ಲಿ ಪ್ರಕಟಿಸಿದ ಇಲಿಗಳ ಕೆಲಸ ಜಾಗದ ಕಡೆಗೇ ಬೆರಳು ತೋರಿಸುತ್ತದೆ. ನಾನೂ ಹರೆಯದ ಕಣಗಳನ್ನು ಮುದಿ ಶ್ವಾಸಕೋಶಕ್ಕೆ ಹಾಕಿ ನೋಡಬೇಕು. ಅದಕ್ಕೆ ಇಟ್ಟಿರುವ ಇಲಿಗಳಿಗೆ ಈಗ 14 ತಿಂಗಳು.