ಸಕ್ಕರೆ ಅರ್ಧ ಮಾಡಿದ್ರೂ ಕೇಸರಿಬಾತು, ಪಾಯಸ ರುಚಿಯಾಗೇ ಇರುತ್ತೆ

ಮಂಡ್ಯದವ್ರಿಗೆ ಸಿಹಿ ಕಮ್ಮಿ ಮಾಡಿ ಅಂತ ಹೇಳೋದು ಕಷ್ಟಾನೇ, ಸುತ್ತ ಕಬ್ಬಿನ ಗದ್ದೆ, ಆಲೆಮನೆ, ಬಿಸಿ ಬೆಲ್ಲ ತಿಂದ್ಕೊಂಡೇ ಬೆಳೆದೋರು ನಾವು. ಆದ್ರೆ ಅಮ್ಮಂಗೆ ಶುಗರ್ ಬಂದ್ಮೇಲೆ ಹಬ್ಬದ ದಿನ ಅವ್ರ ಎಲೆಗೆ ಮಾತ್ರ ಸಿಹಿ ಬಡಿಸ್ದೆ ಮುಂದಕ್ಕೆ ಹೋಗೋಕೆ ನಂಗೆ ಮನಸ್ಸಾಗ್ಲಿಲ್ಲ. ಅವಾಗಿಂದ ಮಾಡಿ ಮಾಡಿ ನೋಡಿ ಕಲ್ತಿದ್ದು ಇದು.

ಮೊದ್ಲು ಬೆಲ್ಲದ ವಿಷ್ಯ. ಸಕ್ಕರೆ ಬದ್ಲು ಬೆಲ್ಲ ಹಾಕ್ಬಿಟ್ರೆ ಎಷ್ಟು ಬೇಕಾದ್ರೂ ತಿನ್ಬೋದು ಅನ್ಕೊಂಡಿರ್ತೀವಿ, ಹಂಗೇನಿಲ್ಲ, ಕ್ಯಾಲೊರಿ ಹೆಚ್ಚುಕಮ್ಮಿ ಎರಡ್ರಲ್ಲೂ ಒಂದೇ, ಶುಗರೂ ಏರುತ್ತೆ. ಬೆಲ್ಲದ ಲಾಭ ಇರೋದು ಘಮದಲ್ಲಿ, ಕಮ್ಮಿ ಹಾಕಿದ್ರೂ ಬಾಯಿಗೆ ಗೊತ್ತಾಗುತ್ತೆ. ಅದಕ್ಕೇ ಕಪ್ಪಗಿರೋ ಬೆಲ್ಲ ತಗೊಳಿ, ಹಳದಿಗೆ ಹೊಳೆಯೋದಕ್ಕೆ ಬಣ್ಣ ಬರ್ಲಿ ಅಂತ ಹೈಡ್ರೋಸ್ ಅನ್ನೋ ಬ್ಲೀಚ್ ಮಾಡೋ ರಾಸಾಯನಿಕ ಹಾಕಿರೋ ಸಾಧ್ಯತೆ ಜಾಸ್ತಿ. ಕರಗಿಸಿ ಸೋಸಿಯೇ ಬಳಸಿ.

ಕೇಸರಿಬಾತಿಗೆ ಬಾಳೆಹಣ್ಣೇ ಅರ್ಧ ಸಕ್ಕರೆ. ನಂಜನಗೂಡು ರಸಬಾಳೆ ಸಿಕ್ಕಿದ್ರೆ ಪುಣ್ಯ, ಇಲ್ದಿದ್ರೆ ಏಲಕ್ಕಿ ಬಾಳೆ ನಾಲ್ಕು, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದಿರ್ಬೇಕು, ಹಣ್ಣಾದಷ್ಟೂ ಅದ್ರಲ್ಲಿರೋ ಪಿಷ್ಟ ಸಕ್ಕರೆಯಾಗುತ್ತೆ. ಎರಡು ಚಮಚ ತುಪ್ಪದಲ್ಲಿ ಹಣ್ಣು ಹಾಕಿ ಅಂಚು ಕೆಂಪಗಾಗೋವರ್ಗೂ ಬಾಡಿಸಿ ತೆಗ್ದಿಡಿ. ಅದೇ ಬಾಂಡ್ಲೀಲಿ ಇನ್ನೆರಡು ಚಮಚ ತುಪ್ಪ, ಒಂದು ಲೋಟ ರವೆ, ಸಣ್ಣ ಉರೀಲಿ ಹುರೀರಿ, ಇಲ್ಲಿ ಮಾತ್ರ ಅವಸರ ಬೇಡ, ಪಕ್ಕದ ರೂಮಿಗೂ ಘಮ ಹೋಗ್ಬೇಕು. ಆಮೇಲೆ ಮೂರು ಲೋಟ ಕುದಿಯೋ ನೀರು. ರವೆ ಪೂರ್ತಿ ಬೆಂದ್ಮೇಲೇನೇ ಸಕ್ಕರೆ ಹಾಕ್ಬೇಕು, ಮುಂಚೇನೇ ಹಾಕಿದ್ರೆ ನೀರನ್ನ ಅದು ಹಿಡ್ಕೊಂಡು ರವೆ ಗಟ್ಟಿ ಉಳ್ಕೊಳ್ಳುತ್ತೆ. ಸಾಮಾನ್ಯವಾಗಿ ಒಂದೂವರೆ ಲೋಟ ಸುರಿಯೋ ಕಡೆ ಮುಕ್ಕಾಲು ಲೋಟ ಸಾಕು. ಹಣ್ಣು, ಏಲಕ್ಕಿ, ಚಿಟಿಕೆ ಉಪ್ಪು. ಉಪ್ಪು ಬಿಡ್ಬೇಡಿ, ಸಿಹಿನ ಎತ್ತಿ ಕೊಡೋದೇ ಅದು. ಕಡೇಲಿ ಒಂದೇ ಚಮಚ ತುಪ್ಪ ಮೇಲೆ ಬಿಟ್ರೆ ಮೂಗಿಗೆ ಮೊದ್ಲು ಅದೇ ಸಿಗುತ್ತೆ, ತುಪ್ಪ ಕಮ್ಮಿ ಅಂತ ಯಾರ್ಗೂ ಅನ್ಸಲ್ಲ. ಬಿಸಿಬಿಸೀನೇ ಬಡಿಸಿ, ತಣ್ಣಗಾದ್ರೆ ಸಿಹಿ ಕಮ್ಮಿ ಅನ್ಸುತ್ತೆ.

ಒಂದೇ ಸಲ ಅರ್ಧಕ್ಕೆ ಇಳಿಸಿದ್ರೆ ಮನೇಲಿ ಗಲಾಟೆ ಆಗುತ್ತೆ ಅನ್ನೋದಾದ್ರೆ ಪ್ರತಿ ಸಲ ಎರಡೆರಡು ಚಮಚ ಕಮ್ಮಿ ಮಾಡ್ತಾ ಬನ್ನಿ, ನಾಲಿಗೆ ಹೊಂದ್ಕೊಳ್ಳುತ್ತೆ.

ಮೈಸೂರ್ ಪಾಕ್ ತಂಟೆಗೆ ಮಾತ್ರ ಹೋಗ್ಬೇಡಿ. ಅರಮನೆ ಅಡುಗೆಮನೇಲಿ ಹುಟ್ಟಿದ್ದು, ಪಾಕ, ತುಪ್ಪ ಕಮ್ಮಿ ಮಾಡಿದ್ರೆ ಅದು ಮೈಸೂರ್ ಪಾಕೇ ಅಲ್ಲ. ಸರಿಯಾಗಿ ಮಾಡಿ, ಚಿಕ್ಕದಾಗಿ ಕಟ್ ಮಾಡಿ, ಊಟ ಆದ್ಮೇಲೆ ಒಂದು ತಿನ್ನಿ.

ಇನ್ನು ಹೆಸರುಬೇಳೆ ಪಾಯಸ. ಅರ್ಧ ಲೋಟ ಬೇಳೆನ ಕೆಂಪಗೆ ಹುರ್ದು ಮೆತ್ತಗೆ ಬೇಯ್ಸಿ, ಅರ್ಧ ಲೋಟ ಪುಡಿ ಬೆಲ್ಲದ ನೀರು, ಶುಂಠಿ ಪುಡಿ, ಏಲಕ್ಕಿ ಹಾಕಿ ಕುದಿಸಿ. ಎರಡನೇ ಸಲ ಹಿಂಡಿದ ತೆಳು ಕಾಯಿಹಾಲೇ ಜಾಸ್ತಿ ಹಾಕಿ, ಗಟ್ಟಿ ಹಾಲು ಒಂದು ಸೌಟು ಸಾಕು, ಅದನ್ನೂ ಒಲೆ ಆರಿಸಿದ್ಮೇಲೆ, ಕುದ್ರೆ ಒಡೆಯುತ್ತೆ. ಸಂಜೆ ಹೊತ್ತಿಗೆ ಗಟ್ಟಿಯಾಗುತ್ತೆ, ಆಗ ಬಿಸಿನೀರು ಬೆರ್ಸಿ ತೆಳು ಮಾಡ್ಕೊಳಿ, ಮತ್ತೆ ಬೆಲ್ಲ ಹಾಕೋಕೆ ಹೋಗ್ಬೇಡಿ.